ಪುಟ್ಟಿಯ ಮದುವೆ ಪತ್ರಿಕೆ: ಚಿಕ್ಕಮ್ಮನ ಉದ್ದನೆಯ ಉತ್ತರ

ಪುಟ್ಟಿ, ನಿನ್ನೆ ನೀನು ಗುಂಪಿಗೆ ಹಾಕಿದ ಮದುವೆ ಪತ್ರಿಕೆಯ ಮೂರು ಮಾದರಿಗಳನ್ನೂ ನೋಡಿದೆ. ಒಂದರಲ್ಲಿ ಅಂಚಿನಿಂದ ಅಂಚಿಗೆ ಚಿನ್ನದ ಬಳ್ಳಿ, ಇನ್ನೊಂದರಲ್ಲಿ ನಿಮ್ಮಿಬ್ಬರ ಫೋಟೊ, ಅದರ ಮೇಲೆ ಬಿಳಿ ಅಕ್ಷರ, ಮತ್ತೊಂದರಲ್ಲಿ ಇಡೀ ಒಕ್ಕಣೆ ಸುರುಳಿ ಸುರುಳಿ ಅಕ್ಷರಗಳಲ್ಲಿ. ಯಾವುದನ್ನು ಅಚ್ಚಿಗೆ ಕೊಡಲಿ ಎಂದು ಕೇಳಿದ್ದೀಯೆ. ಮೂರೂ ಬೇಡ ಎನ್ನುತ್ತೇನೆ. ಬೇಸರ ಮಾಡಿಕೊಳ್ಳಬೇಡ, ಪೂರ್ತಿ ಕೇಳು. ಅಕ್ಕ, ನೀನೂ ಕೇಳು. ಚಿನ್ನದ ಬಳ್ಳಿ ನಿನಗೆ ಇಷ್ಟವಾಗಿದೆ ಎಂದು ಗೊತ್ತು, ಅದರ ಮಾತಿಗೂ ಬರುತ್ತೇನೆ.

ಆ ಮೂರರಲ್ಲಿ ಯಾವುದರಲ್ಲಾದರೂ ನಿಮ್ಮ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೆ ಪತ್ರಿಕೆಗೆ ಏನೂ ಆಗುವುದಿಲ್ಲ. ಫೋಟೊ ಇರುವುದರಲ್ಲಿ ಫೋಟೊ ಬದಲಿಸಿದರೆ ಮುಗಿಯಿತು. ನನಗೆ ಹಿಡಿಸದಿರುವುದು ಅದೇ. ನಿನ್ನ ಬಳಿ ಎಲೆಗಳ ಚಿತ್ರ ಬರೆದಿಟ್ಟ ಒಂದು ದಪ್ಪ ಪುಸ್ತಕವಿದೆ. ಹುಡುಗನ ಕೈಬರಹವೋ, ಮುತ್ತು ಪೋಣಿಸಿದ ಹಾಗಿದೆ. ಮನೆಯಲ್ಲೇ ಇಷ್ಟು ಇಟ್ಟುಕೊಂಡು ಎಲ್ಲಿಯೋ ಸಿಕ್ಕ ಬಳ್ಳಿಯನ್ನು ಏಕೆ ಹಾಕಿಸಬೇಕು?

ನನ್ನ ಮನಸ್ಸಿಗೆ ಬಂದಿರುವುದು ಹೀಗಿದೆ. ಕೆನೆಬಣ್ಣದ, 300 ಜಿಎಸ್‌ಎಂ ದಪ್ಪದ ಕಾಗದ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು. ನಾವು ಜೆರಾಕ್ಸ್ ಮಾಡಿಸುವ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ, ಅದಕ್ಕೆ ಹೋಲಿಸಿದರೆ ಕೈಗೆ ಎಷ್ಟು ಗಟ್ಟಿಯಾಗಿ ಸಿಗುತ್ತದೆ ಎಂದು ನೀನೇ ಊಹಿಸು. ಅದರ ಮೇಲೆ ಒಕ್ಕಣೆ, ಪಕ್ಕದಲ್ಲಿ ನೀನು ಬರೆದ ಒಂದು ಎಲೆ. ಈ ಕಾರ್ಡಿನ ಮೇಲೆ ಅದೇ ಅಳತೆಯ ಟ್ರೇಸಿಂಗ್ ಕಾಗದ. ಅದರಲ್ಲಿ ಇನ್ನೊಂದು ಎಲೆ ಮತ್ತು ಹುಡುಗನ ಕೈಬರಹದಲ್ಲೇ ನಿಮ್ಮಿಬ್ಬರ ಹೆಸರು. ಕೈಗೆ ಬಂದಾಗ ಮೇಲಿನ ಎಲೆ ಕಡುವಾಗಿಯೂ ಕೆಳಗಿನದು ಮಂಜಿನೊಳಗಿದ್ದಂತೆ ಮಸುಕಾಗಿಯೂ ಕಂಡು, ಎರಡೂ ಒಂದೇ ಕೊಂಬೆಯಲ್ಲಿ ಇರುವಂತೆ ತೋರುತ್ತವೆ. ಹಾಳೆ ಎತ್ತಿದರೆ ಒಕ್ಕಣೆ ನಿಚ್ಚಳವಾಗಿ ಓದಲು ಸಿಗುತ್ತದೆ. ಬಣ್ಣ ಒಂದೇ ಸಾಕು, ಕಡು ಹಸಿರು.

ಇದರಲ್ಲಿ ಕೆಲವು ಸೂಕ್ಷ್ಮಗಳಿವೆ, ಅವನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ಹಾಳೆಗಳು ಪ್ರತಿ ಪ್ರತಿಯಲ್ಲೂ ಕೂದಲೆಳೆಯಷ್ಟೂ ತಪ್ಪದೆ ಕೂಡುವುದಿಲ್ಲ, ಒಂದೆರಡು ಮಿಲಿಮೀಟರ್ ಜರುಗುತ್ತವೆ. ಆದ್ದರಿಂದ ಮೇಲಿನ ಎಲೆಯ ತೊಟ್ಟು ಕೆಳಗಿನ ಕೊಂಬೆಯ ತುದಿಗೆ ಸರಿಯಾಗಿ ಬಂದು ಮುಟ್ಟುವಂತೆ ಬರೆಯಬೇಡ, ಕೊಂಬೆಯನ್ನು ದಾಟಿ ಹೋಗುವಂತೆ ಬರೆ. ಆಗ ಸ್ವಲ್ಪ ಜರುಗಿದರೂ ಯಾರಿಗೂ ತಿಳಿಯುವುದಿಲ್ಲ. ಹೆಸರು ಬರುವ ಜಾಗದ ಕೆಳಗೆ ಕಾರ್ಡಿನಲ್ಲಿ ಏನೂ ಇರಬಾರದು, ಇಲ್ಲದಿದ್ದರೆ ಅಕ್ಷರದ ಹಿಂದೆ ಅಕ್ಷರ ಕಂಡು ಗಲಿಬಿಲಿಯಾಗುತ್ತದೆ. ಟ್ರೇಸಿಂಗ್ ಕಾಗದ ಶಾಯಿಯನ್ನು ಹೀರಿಕೊಳ್ಳುವುದಿಲ್ಲ, ಒಣಗಲು ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ಒಂದರ ಮೇಲೊಂದು ಪೇರಿಸಿದರೆ ಮೇಲಿನ ಹಾಳೆಯ ಬೆನ್ನಿಗೆಲ್ಲ ಮಸಿ. ಅಂಟು ಹಚ್ಚಿದರೆ ಸುಕ್ಕುಗಟ್ಟುತ್ತದೆ, ಮೇಲ್ತುದಿಯಲ್ಲಿ ಎರಡು ತೂತು ಹೊಡೆದು ದಾರ ಕಟ್ಟುವುದೇ ಚೆಂದ. ಚಿತ್ರ ಮತ್ತು ಕೈಬರಹವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿಸಿ. ಬಣ್ಣವನ್ನು ಆಮೇಲೆ ನಾನು ಕೊಡುತ್ತೇನೆ.

ಅಕ್ಕ, ಈಗ ಚಿನ್ನ. ಫಾಯಿಲ್ ಎಂದರೆ ಕಾಯಿಸಿದ ಲೋಹದ ಅಚ್ಚಿನಿಂದ ತೆಳ್ಳನೆಯ ಹೊಳೆಯುವ ಪದರವನ್ನು ಕಾಗದಕ್ಕೆ ಒತ್ತುವುದು. ಗೆರೆಗಳು ತೀರಾ ಒತ್ತೊತ್ತಾಗಿದ್ದರೆ ನಡುವಿನ ಸಂದುಗಳೂ ತುಂಬಿಕೊಳ್ಳುತ್ತವೆ, ಆ ಬಳ್ಳಿಯ ನಾಜೂಕು ಎಲ್ಲ ಅಲ್ಲಿಗೆ ಮುಗಿಯಿತು. ಇನ್ನೊಂದು ವಿಷಯ, ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಚಿನ್ನ ಬರಿಯ ಹಳದಿ ಮತ್ತು ಕಂದು. ಫಾಯಿಲ್ ಹಾಕಿಸದೆ ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಟ್ಟರೆ ಸಾಸಿವೆ ಬಣ್ಣವಾಗಿ ಬರುತ್ತದೆ. ಚಿನ್ನ ಬೇಕೇ ಬೇಕೆಂದರೆ ಒಂದೇ ಕಡೆ ಇರಲಿ, ಲಕೋಟೆಯ ಮುಚ್ಚಳದ ಒಳಬದಿಗೆ ಒಂದು ಪುಟ್ಟ ಎಲೆಯಾಗಿ. ತೆರೆದವರ ಕಣ್ಣಿಗೆ ಅದೊಂದೇ ಮಿಂಚಲಿ. ಒಪ್ಪುತ್ತೀಯಾ?

ಫೋಟೊ ಮೇಲಿನ ಬಿಳಿ ಅಕ್ಷರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಬಣ್ಣದ ಅಚ್ಚಿನಲ್ಲಿ ಒಂದು ಬಣ್ಣ ಒಂದಿಷ್ಟು ಅತ್ತಿತ್ತ ಸರಿದರೂ ಸಣ್ಣ ಬಿಳಿ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಇನ್ನೂ ಸಣ್ಣವು, ಮೊದಲು ಹೋಗುವುದು ಅವೇ.

ಸುರುಳಿ ಅಕ್ಷರಗಳ ವಿಷಯ ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಪತ್ರಿಕೆಯನ್ನು ಓದುವವರು ಅದರಲ್ಲೇ ಸೋಲುತ್ತಾರೆ. ಅಲಂಕಾರದ ಅಕ್ಷರ ಹೆಸರಿಗೆ ಸಾಕು, ದಿನ, ಸಮಯ, ಸ್ಥಳ ಸಾದಾ ಅಕ್ಷರದಲ್ಲಿ ಇರಲಿ. ಯಾವುದೇ ಫಾಂಟ್ ಆರಿಸುವ ಮೊದಲು ಅದರಲ್ಲಿ ‘ಲಕ್ಷ್ಮಿ’, ‘ಜ್ಯೋತ್ಸ್ನಾ’, ‘ಕೃಷ್ಣಮೂರ್ತಿ’ ಎಂದು ಬರೆದು ನೋಡು. ಒತ್ತು, ಅರ್ಕಾವತ್ತು, ವಟ್ರಸುಳಿ ನೆಟ್ಟಗೆ ಬಂದರೆ ಮಾತ್ರ ಅದನ್ನು ಮುಂದುವರಿಸು. ಸಾಲುಗಳ ನಡುವೆ ಅಕ್ಷರದ ಎತ್ತರದ ಅರ್ಧದಷ್ಟಾದರೂ ಹೆಚ್ಚುವರಿ ಜಾಗ ಬಿಡು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಕಡತವನ್ನು ಪ್ರೆಸ್ಸಿಗೆ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿಸಿಯೇ, ಅಂದರೆ ಫಾಂಟ್ ಬೇಡದ ಗೆರೆಚಿತ್ರಗಳಾಗಿ ಬದಲಿಸಿಯೇ, ಕೊಡಬೇಕು. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಹೋದಾಗ ಅಜ್ಜನ ಹೆಸರೇ ಒಡೆದುಹೋಗುತ್ತದೆ. ಕರ್ವ್ ಮಾಡಿದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಆದ್ದರಿಂದ ಕರಡನ್ನು ಅಕ್ಕ, ಭಾವ ಇಬ್ಬರೂ ಮೊದಲೇ ನೋಡಿರಬೇಕು.

ಅಳತೆ ಎಷ್ಟಿರಲಿ ಎಂದೂ ಕೇಳಿದ್ದೀಯೆ. ಎ6 ಇರಲಿ, 105 ಮಿಲಿಮೀಟರ್ ಅಗಲ, 148 ಉದ್ದ. ಅದಕ್ಕೆ 114 ಮತ್ತು 162ರ ಸಿ6 ಲಕೋಟೆ ಸಿದ್ಧವಾಗಿಯೇ ಸಿಗುತ್ತದೆ. ಚೌಕ ಅಥವಾ ದುಂಡು ಬೇಕೆಂದರೆ ಲಕೋಟೆಯನ್ನೂ ಬೇರೆಯಾಗಿ ಮಾಡಿಸಬೇಕಾಗುತ್ತದೆ. ಬಣ್ಣ ಅಂಚಿನವರೆಗೆ ಹೋಗುವುದಾದರೆ ಸುತ್ತ 3 ಮಿಲಿಮೀಟರ್ ಹೆಚ್ಚಿಗೆ ಬಿಡು, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ.

ಭಾವ, ಮೊಬೈಲಿನಲ್ಲೇ ಕಳಿಸಿದರೆ ಸಾಲದೇ ಎಂದಿರಿ. ದೂರದವರಿಗೆ ಖಂಡಿತ ಸಾಕು. ಆದರೆ ಕಾರ್ಡಿನ ಫೋಟೊ ತೆಗೆದು ಕಳಿಸುವುದು ಬೇಡ. ಫೋನಿನ ಪರದೆಗೆ ಹೊಂದುವಂತೆ 1080 ಅಗಲ, 1920 ಎತ್ತರದ ಪಿಕ್ಸೆಲ್ಲುಗಳಲ್ಲಿ ಬೇರೆಯದನ್ನೇ ಮಾಡೋಣ. ಅದರಲ್ಲಿ ಎಲೆ, ಹೆಸರು, ದಿನ, ಸಮಯ, ಸ್ಥಳ ಇಷ್ಟೇ ಇರಲಿ, ಅಕ್ಷರ ದಪ್ಪವಾಗಿರಲಿ. ಜೊತೆಗೆ ಅದೇ ವಿವರವನ್ನು ಸಂದೇಶವಾಗಿಯೂ ಟೈಪ್ ಮಾಡಿ ಕಳಿಸಿ. ಚಿತ್ರದಿಂದ ವಿಳಾಸವನ್ನು ಸುಲಭವಾಗಿ ನಕಲು ಮಾಡಿಕೊಳ್ಳಲು ಆಗದು. ದೃಷ್ಟಿ ಮಂದವಾಗಿರುವ ದೊಡ್ಡಪ್ಪನಂಥವರಿಗೆ ಫೋನ್ ಓದಿ ಹೇಳುವುದೂ ಟೈಪ್ ಮಾಡಿದ ಅಕ್ಷರಗಳನ್ನೇ. ಕಾರ್ಡಿನಲ್ಲಿ ದಾರಿ ತೋರಿಸಲು ಕ್ಯೂಆರ್ ಕೋಡ್ ಇಡುವುದಾದರೆ ಹಿಂಬದಿಗಿರಲಿ, 2 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಖಾಲಿ ಅಂಚು ಇರಲೇಬೇಕು. ಅದಕ್ಕೆ ಫಾಯಿಲ್ ಹಾಕಿಸುವ ಆಸೆ ಯಾರಿಗೂ ಬರದಿರಲಿ, ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ.

ತಮ್ಮ, ನಿನ್ನ ಮಕ್ಕಳ ಹುಟ್ಟುಹಬ್ಬದ ಆಮಂತ್ರಣಕ್ಕೂ ಒಂದು ಉಪಾಯ ಹೊಳೆದಿದೆ, ಇದನ್ನು ನೆನೆದರೇ ನನಗೆ ಖುಷಿಯಾಗುತ್ತದೆ. ತಿರುಗುವ ಚಕ್ರ! ಎರಡು ದುಂಡು ಕಾರ್ಡುಗಳು, ನಟ್ಟನಡುವೆ ಕವಲು ಪಿನ್ನು. ಮೇಲಿನ ಬಿಲ್ಲೆಯಲ್ಲಿ ಒಂದು ಕಿಟಕಿ. ತಿರುಗಿಸುತ್ತಾ ಹೋದರೆ ಆ ಕಿಟಕಿಯಲ್ಲಿ ಒಂದೊಂದಾಗಿ ದಿನ, ಸಮಯ, ಮನೆ, ಆಟಗಳು, ಕೊನೆಗೆ ‘ಬರುತ್ತೀಯಲ್ಲಾ?’ ಎಂಬ ಮಾತು. 1540ರಲ್ಲಿ ಜರ್ಮನಿಯ ಪೆಟ್ರಸ್ ಏಪಿಯಾನುಸ್ ಎಂಬ ವಿದ್ವಾಂಸ ಗ್ರಹಗಳ ಸ್ಥಾನ ತಿಳಿಯಲೆಂದು ತನ್ನ ಖಗೋಳ ಗ್ರಂಥದಲ್ಲಿ ಇಂಥ ಕಾಗದದ ಚಕ್ರಗಳನ್ನೇ ಇಟ್ಟಿದ್ದ, ಅಷ್ಟು ಹಳೆಯ ತಂತ್ರ ಇದು. ಕೆಳಗಿನ ಬಿಲ್ಲೆ ಸುಮಾರು ಅರ್ಧ ಸೆಂಟಿಮೀಟರಿನಷ್ಟು ದೊಡ್ಡದಿರಲಿ, ಬೆರಳಿಗೆ ಹಿಡಿತ ಸಿಗುತ್ತದೆ. ಅದನ್ನು ಐದು ಭಾಗ ಮಾಡು, ಕಿಟಕಿ ಒಂದು ಭಾಗಕ್ಕಿಂತ ತುಸು ಕಿರಿದಾಗಿರಲಿ, ಪಕ್ಕದ ಬರಹ ಇಣುಕಬಾರದು. ಪಿನ್ನನ್ನು ಬಿಗಿಯಾಗಿ ಮಡಚಬೇಡ, ತಿರುಗದೆ ನಿಂತುಬಿಡುತ್ತದೆ. ತೀರಾ ಚಿಕ್ಕ ಮಗುವಿರುವ ಮನೆಗೆ ಕೊಡುವುದಾದರೆ ಪಿನ್ನಿನ ಬದಲು ಎರಡೂ ಕಡೆ ಗಂಟು ಹಾಕಿದ ದಾರ ಸಾಕು. ಚಿತ್ರಗಳನ್ನು ಮಕ್ಕಳೇ ಬರೆಯಲಿ, ಸೊಟ್ಟಪಟ್ಟವಾಗಿದ್ದರೂ ತಿದ್ದಬೇಡ.

ಪುಟ್ಟಿ, ಮೊದಲ ಕೆಲಸ ಇದು. ಒಂದು ಸಾದಾ ಹಾಳೆಯನ್ನು ಎ6 ಅಳತೆಗೆ ಕತ್ತರಿಸಿ ಒಕ್ಕಣೆಯನ್ನು ಪೆನ್ನಿನಲ್ಲಿ ಬರೆ. ಸಂಜೆ ದೀಪದ ಬೆಳಕಿನಲ್ಲಿ ಅಜ್ಜಿಯ ಕೈಗೆ ಕೊಟ್ಟು, ಯಾವತ್ತು, ಎಲ್ಲಿ ಎಂದು ಕೇಳು. ಅಜ್ಜಿ ಹುಡುಕಾಡಿದರೆ ಪದಗಳು ಹೆಚ್ಚಾಗಿವೆ ಎಂದು ಅರ್ಥ, ಕಡಿಮೆ ಮಾಡು. ಅದು ಸರಿಹೋದ ಮೇಲೆ ಆ ಹಾಳೆಯನ್ನೂ ಮೂರೋ ನಾಲ್ಕೋ ಎಲೆಯ ಚಿತ್ರಗಳನ್ನೂ ಸ್ಕ್ಯಾನ್ ಮಾಡಿ ಕಳಿಸು. ಹೆಸರುಗಳನ್ನು ಹುಡುಗ ಎರಡು ಮೂರು ಬಗೆಯಲ್ಲಿ ಬರೆದು ಕೊಡಲಿ, ಯಾವುದು ಎಲೆಯ ಪಕ್ಕ ಹೊಂದುತ್ತದೆ ಎಂದು ಕೂಡಿಸಿ ನೋಡಿ ಇಲ್ಲೇ ಗುಂಪಿನಲ್ಲಿ ಹಾಕುತ್ತೇನೆ.