ಹರಳಿನ ಒಳಗಿರುವುದಕ್ಕೆ ಏನನ್ನೋಣ?

ಬೆಣಚುಕಲ್ಲಿನ ಹರಳುಗಳ ಒಳಗೆ ಸೂಜಿ, ಚುಕ್ಕೆ, ಪಾಚಿಯಂಥ ಹಸಿರು ಕಾಣುತ್ತದಲ್ಲ, ಇವಕ್ಕೆಲ್ಲ ಸೇರಿ ಒಂದು ಕನ್ನಡ ಪದ ಬೇಕು. ಇಂಗ್ಲಿಷಿನವರು ಇನ್‌ಕ್ಲೂಷನ್ ಅಂತಾರೆ. ಕೋಲಾರದ ಮಕ್ಕಳಿಗಾಗಿ ಕಲ್ಲುಗಳ ಬಗ್ಗೆ ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ, ಕೆಲಸ ಇಲ್ಲಿ ನಿಂತಿದೆ.

ಕಲ್ಲಿನ ಹೆಸರಿಗೆ ತೊಂದರೆಯಿಲ್ಲ. ನಮ್ಮ ಕಡೆ ಬೆಣಚುಕಲ್ಲು ಅಂದರೂ ಗೊತ್ತು, ತೆಲುಗು ಮನೆಮಾತಿನವರ ಪಲುಗುರಾಯಿ ಅಂದರೂ ಗೊತ್ತು. ಕೆಜಿಎಫ್‌ನ ಚಿನ್ನ ಸಿಕ್ಕಿದ್ದೂ ಈ ಕಲ್ಲಿನ ಪಟ್ಟೆಗಳಲ್ಲೇ. ತಿಳಿಯಾಗಿದ್ದರೆ ಸ್ಫಟಿಕ. ಡ್ರಮ್ಮಿನಲ್ಲಿ ನೀರು, ಗರಸು ಪುಡಿ ಹಾಕಿ ವಾರಗಟ್ಟಲೆ ಉರುಳಿಸಿ ನಯ ಮಾಡಿದ್ದನ್ನು 'ಉರುಳುಹರಳು' ಅನ್ನೋಣ ಅಂದುಕೊಂಡೆ. ಆದರೆ ಉರುಳು ಅಂದರೆ ನೇಣಿನ ಕುಣಿಕೆಯೂ ಹೌದು! ಸದ್ಯಕ್ಕೆ 'ನಯಹರಳು' ಅಂತ ಇಟ್ಟಿದ್ದೇನೆ.

ಒಳಗಿನದಕ್ಕೆ ಒಡವೆ ಅಂಗಡಿಯವರು 'ದೋಷ' ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಕಲ್ಲನ್ನು ಗುರುತಿಸುವುದಕ್ಕೆ ಅದೇ ಅಲ್ವಾ ಆಧಾರ? ಹೊನ್ನಿನ ಬಣ್ಣದ ನೇರ ಎಳೆಗಳಿದ್ದರೆ ಸಾಮಾನ್ಯವಾಗಿ ರೂಟೈಲ್, ಅಂದರೆ ಟೈಟಾನಿಯಂ ಡೈಆಕ್ಸೈಡ್. ಕಪ್ಪು ಕಡ್ಡಿಗಳು ಹೆಚ್ಚಾಗಿ ಟೂರ್ಮಲೀನ್. ಪಾಚಿಯಂಥ ಹಸಿರು ಬಹಳ ಸಲ ಕ್ಲೋರೈಟ್, ಕೆಂಪು ಚುಕ್ಕೆಗಳು ಕಬ್ಬಿಣದ ಹೆಮಟೈಟ್. ದುಂಡನೆಯ ಗಾಳಿಗುಳ್ಳೆ ಕಂಡರೆ ಮಾತ್ರ ಅನುಮಾನ ಪಡಬೇಕು, ಅದು ಗಾಜಿರಬಹುದು.

'ಕಲ್ಮಶ' ಅಂದರೆ ಬೇರೆ ಗೊಂದಲ. ನೇರಳೆ ಬಣ್ಣದ ಅಮೆಥಿಸ್ಟ್‌ನಲ್ಲೂ ಕಬ್ಬಿಣವಿದೆ. ಆದರೆ ಅದು ಹರಳಿನ ಅಣುಕಟ್ಟಿನಲ್ಲೇ ಬೆರೆತಿರುತ್ತದೆ, ಬೇರೆ ಖನಿಜವಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಮಕ್ಕಳು ಏನಂತ ತಿಳಿಯಬೇಕು?

ಉಳಿದಿದ್ದು 'ಒಳಸೇರಿಕೆ'. ಕೇಳಲು ಚೆನ್ನಾಗಿದೆ, ಆದರೆ ಹೊರಗಿನಿಂದ ಏನೋ ಬಂದು ಸೇರಿತು ಅನ್ನಿಸುತ್ತದೆ. ಬಿರುಕಿನಲ್ಲಿ ಇಳಿದ ಕಬ್ಬಿಣದ ನೀರು ಬಿಟ್ಟ ಕಲೆಗೆ ಸರಿ. ಎಷ್ಟೋ ಸಲ ನಡೆಯುವುದು ಉಲ್ಟಾ. ಸೂಜಿಗಳು ಮೊದಲೇ ಇರುತ್ತವೆ, ಬೆಣಚು ಅವುಗಳ ಸುತ್ತ ಬೆಳೆದು ಒಳಗಿಟ್ಟುಕೊಳ್ಳುತ್ತದೆ. ಹಾಗಾಗಿ ನನ್ನ ಒಲವು 'ಒಳಸೆರೆ' ಕಡೆಗೆ. ಒಳಗೆ ಸಿಕ್ಕಿಕೊಂಡದ್ದು ಅಂತ ಅರ್ಥ. ಆಮೇಲೆ ಇಳಿದ ಕಲೆಗೆ ಇದು ಅಷ್ಟು ಹೊಂದುವುದಿಲ್ಲ, ನಿಜ. ಆದರೂ 'ದೋಷ'ಕ್ಕಿಂತ ವಾಸಿ.

ಒಂದು ಕೇಳಬೇಕಿತ್ತು. ಚಿಕ್ಕಬಳ್ಳಾಪುರದ ಕಡೆ ಬಂಡೆ ಒಡೆಯುವವರಿಗೆ ಬೂದುಗಲ್ಲಿನ ನಡುವೆ ಬೇರೆ ಜಾತಿಯ ಕರಿ ಕಲ್ಲಿನ ತುಂಡು ಆಗಾಗ ಸಿಗುತ್ತದೆ. ಅದೂ ಹೀಗೇ ಒಳಗೆ ಸಿಕ್ಕಿಕೊಂಡಿದ್ದೇ. ಅವರು ಅದನ್ನು ಏನಂತ ಕರೆಯುತ್ತಾರೆ? ಅವರಲ್ಲಿ ಪದ ಇದ್ದರೆ ನನ್ನದನ್ನು ಇವತ್ತೇ ಹೊಡೆದುಹಾಕುತ್ತೇನೆ.