ಮಾಂಟೆ ಕಾರ್ಲೊದಲ್ಲಿ ಕಂಪ್ಯಾರೇಟರ್ ಆಫ್‌ಸೆಟ್ ಕೈಲೆಕ್ಕಕ್ಕಿಂತ ಕಡಿಮೆ ಬರುತ್ತಿರುವುದೇಕೆ?

ಪ್ರಶ್ನೆ

10 ಬಿಟ್‌ನ ಸಾರ್ ಎಡಿಸಿಯೊಂದರ (ಅನಲಾಗ್ ವೋಲ್ಟೇಜನ್ನು ಹಂತಹಂತವಾಗಿ ಹೋಲಿಸಿ ಡಿಜಿಟಲ್ ಅಂಕಿಯಾಗಿಸುವ ಸರ್ಕ್ಯೂಟ್) ಕಂಪ್ಯಾರೇಟರ್‌ಗೆ, ಅಂದರೆ ಎರಡು ವೋಲ್ಟೇಜ್‌ಗಳಲ್ಲಿ ಯಾವುದು ಹೆಚ್ಚು ಎಂದು ಹೇಳುವ ಭಾಗಕ್ಕೆ, ಮಾಂಟೆ ಕಾರ್ಲೊ ಸಿಮ್ಯುಲೇಷನ್ (ಟ್ರಾನ್ಸಿಸ್ಟರ್‌ಗಳ ಗುಣಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತ ಹಲವು ಬಾರಿ ಓಡಿಸುವುದು) ನಡೆಸುತ್ತಿದ್ದೇನೆ. ಕಂಪ್ಯಾರೇಟರ್ ಟ್ರಾನ್ಸಿಸ್ಟರ್ ಮಟ್ಟದಲ್ಲಿದೆ. ಅದರ ಔಟ್‌ಪುಟ್ ಓದಿಕೊಳ್ಳುವ ಲಾಜಿಕ್ ಮಾತ್ರ ವೆರಿಲಾಗ್ ಎಂಬ ಹಾರ್ಡ್‌ವೇರ್ ಭಾಷೆಯಲ್ಲಿದೆ. ಇನ್‌ಪುಟ್ ಜೋಡಿಯ ಅಗಲ 4 ಮೈಕ್ರೋಮೀಟರ್, ಉದ್ದ 0.06 ಮೈಕ್ರೋಮೀಟರ್. ಮಾಡೆಲ್ ದಾಖಲೆಯಲ್ಲಿ ಮಿಸ್‌ಮ್ಯಾಚ್ (ಒಂದೇ ರೀತಿಯ ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ಯಾದೃಚ್ಛಿಕ ವ್ಯತ್ಯಾಸ) ಗುಣಾಂಕ 3 ಮಿಲಿವೋಲ್ಟ್-ಮೈಕ್ರೋಮೀಟರ್ ಎಂದಿರುವುದರಿಂದ, ಪೆಲ್‌ಗ್ರೋಮ್ ಸೂತ್ರದಂತೆ ಅದನ್ನು ಕ್ಷೇತ್ರಫಲದ ವರ್ಗಮೂಲದಿಂದ ಭಾಗಿಸಿದರೆ ಆಫ್‌ಸೆಟ್‌ನ (ಔಟ್‌ಪುಟ್ ಬದಲಾಗುವ ಇನ್‌ಪುಟ್ ಸೊನ್ನೆಯಿಂದ ಸರಿದಿರುವ ಪ್ರಮಾಣ) ಸಿಗ್ಮಾ, ಅಂದರೆ ಪ್ರಮಾಣ ವಿಚಲನೆ, ಸುಮಾರು 6.1 ಮಿಲಿವೋಲ್ಟ್ ಆಗುತ್ತದೆ. ತೀರ್ಮಾನವನ್ನು ಹಿಡಿದಿಡುವ ಲ್ಯಾಚ್‌ನ ಪಾಲೂ ಸೇರುವುದರಿಂದ ಇದಕ್ಕಿಂತ ತುಸು ಹೆಚ್ಚೇ ಬರಬೇಕು. ಆದರೆ 200 ಸ್ಯಾಂಪಲ್‌ಗಳಲ್ಲಿ ಸಿಕ್ಕಿರುವುದು 4.9 ಮಿಲಿವೋಲ್ಟ್ ಮಾತ್ರ.

ಡಿಫರೆನ್ಷಿಯಲ್ ಇನ್‌ಪುಟ್ ಅನ್ನು ಮೈನಸ್ 10 ಮಿಲಿವೋಲ್ಟ್‌ನಿಂದ ಪ್ಲಸ್ 10ರವರೆಗೆ, ಪ್ರತಿ ಕ್ಲಾಕ್‌ಗೆ 1 ಮಿಲಿವೋಲ್ಟ್‌ನಂತೆ ಏರಿಸುತ್ತ, ಔಟ್‌ಪುಟ್ ಯಾವ ಮೆಟ್ಟಿಲಿನಲ್ಲಿ ಬದಲಾಗುತ್ತದೆ ಎಂದು ಎಣಿಸುತ್ತಿದ್ದೇನೆ. 23 ಸ್ಯಾಂಪಲ್‌ಗಳಲ್ಲಿ ಮೌಲ್ಯದ ಬದಲು ಎರರ್ ಎಂದು ತೋರಿಸುತ್ತಿದೆ. ಅವನ್ನು ಕನ್ವರ್ಜೆನ್ಸ್ ತೊಂದರೆ (ಸಿಮ್ಯುಲೇಟರ್ ಉತ್ತರಕ್ಕೆ ತಲುಪದಿರುವುದು) ಎಂದು ಭಾವಿಸಿ ಲೆಕ್ಕದಿಂದ ಕೈಬಿಟ್ಟಿದ್ದೇನೆ. ಟಾಲರೆನ್ಸ್ ಬಿಗಿಗೊಳಿಸಿದರೂ ವ್ಯತ್ಯಾಸವಾಗಲಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1

ಪ್ರಾಸೆಸ್ (ಇಡೀ ಚಿಪ್‌ಗೆ ಒಟ್ಟಾಗಿ ಆಗುವ ವ್ಯತ್ಯಾಸ) ಮತ್ತು ಮಿಸ್‌ಮ್ಯಾಚ್ ಎರಡೂ ಆನ್ ಆಗಿವೆಯೇ, ಮಾಡೆಲ್ ಫೈಲ್‌ನಲ್ಲಿ ಟಿಪಿಕಲ್ ಸೆಕ್ಷನ್ ಬದಲು ಸ್ಟ್ಯಾಟಿಸ್ಟಿಕಲ್ ಸೆಕ್ಷನ್ ಆಯ್ಕೆಯಾಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಪ್ರಾಸೆಸ್ ಒಂದನ್ನೇ ಇಟ್ಟು ಕೆಲವು ಸ್ಯಾಂಪಲ್ ಓಡಿಸಿದರೆ, ಜೋಡಿಯ ಎರಡೂ ಟ್ರಾನ್ಸಿಸ್ಟರ್‌ಗಳು ಒಟ್ಟಿಗೇ ಬದಲಾಗುವುದರಿಂದ, ಸಮರೂಪದ ಕಂಪ್ಯಾರೇಟರ್‌ನ ಆಫ್‌ಸೆಟ್ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲಬೇಕು. ನಿಮಗೆ 4.9 ಬಂದಿರುವುದನ್ನು ನೋಡಿದರೆ ಮಿಸ್‌ಮ್ಯಾಚ್ ಕೆಲಸ ಮಾಡುತ್ತಿದೆ ಎಂದೇ ತೋರುತ್ತದೆ.

ಉತ್ತರ 2

ಮಾಡೆಲ್‌ನ ಮೇಲೆ ನನಗೆ ಅನುಮಾನವಿಲ್ಲ. ಕೈಬಿಟ್ಟ ಆ 23 ಸ್ಯಾಂಪಲ್‌ಗಳ ಮೇಲಿದೆ. ಸಿಗ್ಮಾ 6 ಮಿಲಿವೋಲ್ಟ್‌ಗಿಂತ ಹೆಚ್ಚಿದ್ದು, ನೀವು ಏರಿಸುವ ಇನ್‌ಪುಟ್‌ನ ರ‍್ಯಾಂಪ್ 10ಕ್ಕೇ ನಿಂತರೆ, ಆಫ್‌ಸೆಟ್ ಆ ವ್ಯಾಪ್ತಿಯ ಹೊರಗಿರುವ ಸ್ಯಾಂಪಲ್‌ಗಳಲ್ಲಿ ಕಂಪ್ಯಾರೇಟರ್ ಆರಂಭದಿಂದ ಕೊನೆಯವರೆಗೂ ಒಂದೇ ಔಟ್‌ಪುಟ್ ಕೊಡುತ್ತದೆ. ಔಟ್‌ಪುಟ್ ಬದಲಾಗುವ ಮೆಟ್ಟಿಲೇ ಇಲ್ಲದಿದ್ದಾಗ ನಿಮ್ಮ ಅಳತೆಯ ಸೂತ್ರಕ್ಕೆ ಎರರ್ ಎನ್ನದೆ ಬೇರೆ ದಾರಿಯಿಲ್ಲ.

ನಾರ್ಮಲ್ ಹಂಚಿಕೆ ಎಂದುಕೊಂಡು ಲೆಕ್ಕ ಹಾಕಿ ನೋಡಿ. ನಿಜವಾದ ಸಿಗ್ಮಾ 6.4 ಮಿಲಿವೋಲ್ಟ್ ಆಗಿದ್ದರೆ 10 ಮಿಲಿವೋಲ್ಟ್ ಎಂಬುದು 1.56 ಸಿಗ್ಮಾ, ಅದರಾಚೆ ಎರಡೂ ಬದಿ ಸೇರಿ ಶೇಕಡ 12ರಷ್ಟು, ಅಂದರೆ 200ರಲ್ಲಿ 24ರ ಸುಮಾರು ಸ್ಯಾಂಪಲ್‌ಗಳು ಬೀಳುತ್ತವೆ. ಎರಡೂ ತುದಿಗಳನ್ನು ಹೀಗೆ ಕತ್ತರಿಸಿದ ಹಂಚಿಕೆಯ ಸಿಗ್ಮಾ ಮೂಲದ 0.76ರಷ್ಟಕ್ಕೆ ಇಳಿಯುತ್ತದೆ, ಅಂದರೆ 4.9. ನಿಮ್ಮ ಎರಡೂ ಅಂಕಿಗಳು ಒಂದೇ ಕಾರಣದಿಂದ ಬರುತ್ತಿವೆ. ಕಂಪ್ಯಾರೇಟರ್‌ನ ಅತಿ ಕೆಟ್ಟ ಸ್ಯಾಂಪಲ್‌ಗಳನ್ನೇ ಆರಿಸಿ ಹೊರಹಾಕಿದ ಮೇಲೆ ಉಳಿದವು ಚೆನ್ನಾಗಿ ಕಾಣುವುದು ಸಹಜವೇ.

ರ‍್ಯಾಂಪ್ ಅನ್ನು ಎರಡೂ ಬದಿಗೆ 40 ಮಿಲಿವೋಲ್ಟ್‌ವರೆಗೆ ವಿಸ್ತರಿಸಿ, ಅದೇ ಸೀಡ್‌ನಿಂದ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಮತ್ತೆ ಓಡಿಸಿ. ಮೆಟ್ಟಿಲು 1 ಮಿಲಿವೋಲ್ಟ್ ಇದ್ದರೆ ಸಾಕು. ಅದರಿಂದ ಬರುವ ದೋಷದ ಸಿಗ್ಮಾ 0.29 ಮಿಲಿವೋಲ್ಟ್ ಮಾತ್ರ, ವರ್ಗಗಳ ಮೊತ್ತದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಹಿಂದಿನ ಔಟ್‌ಪುಟ್‌ನ ನೆನಪು ಲ್ಯಾಚ್‌ನಲ್ಲಿ ಉಳಿಯುತ್ತಿದೆಯೇ ಎಂದು ತಿಳಿಯಲು ಒಮ್ಮೆ ಇಳಿಯುವ ರ‍್ಯಾಂಪ್‌ನಿಂದಲೂ ಅಳೆಯಿರಿ. ಏರುವಾಗ ಒಂದು, ಇಳಿಯುವಾಗ ಮತ್ತೊಂದು ಆಫ್‌ಸೆಟ್ ಬಂದರೆ, ರೀಸೆಟ್‌ಗೆ ಕೊಟ್ಟ ಸಮಯ ಸಾಲುತ್ತಿಲ್ಲ ಎಂದರ್ಥ.

ಪ್ರಶ್ನೆ ಕೇಳಿದವರಿಂದ

ಸಿಗ್ಮಾ ಈಗ 6.4 ಮಿಲಿವೋಲ್ಟ್ ಬಂದಿದೆ. ಏರುವ ಮತ್ತು ಇಳಿಯುವ ಅಳತೆಗಳ ನಡುವೆ ಒಂದು ಮೆಟ್ಟಿಲಿಗಿಂತ ಹೆಚ್ಚಿನ ಅಂತರವಿಲ್ಲ. 23ರಲ್ಲಿ 21 ಸ್ಯಾಂಪಲ್‌ಗಳಿಗೆ ಮೌಲ್ಯ ಸಿಕ್ಕಿದೆ, ಎಲ್ಲವೂ 10 ಮಿಲಿವೋಲ್ಟ್‌ನಾಚೆಯವೇ. ಉಳಿದ ಎರಡು ಮಾತ್ರ ಈಗಲೂ ಎರರ್ ಎನ್ನುತ್ತಿವೆ. ಅವು ಯಾವ ಬಗೆಯವು?

ಉತ್ತರ 3

ಆ ಎರಡರ ಸ್ಯಾಂಪಲ್ ಸಂಖ್ಯೆಯನ್ನೂ ಸೀಡ್ ಅನ್ನೂ ಹಾಗೆಯೇ ಉಳಿಸಿಕೊಂಡು, ಅವನ್ನಷ್ಟೇ ಮತ್ತೆ ಓಡಿಸಿ, ವೇವ್‌ಫಾರ್ಮ್‌ಗಳನ್ನು ಉಳಿಸಿ ನೋಡಿ. ನೆಟ್‌ಲಿಸ್ಟ್‌ಗೆ (ಸರ್ಕ್ಯೂಟ್‌ನ ಜೋಡಣೆಗಳ ಪಟ್ಟಿ) ಮಾತ್ರ ಕೈಹಚ್ಚಬೇಡಿ. ಒಂದು ಟ್ರಾನ್ಸಿಸ್ಟರ್ ಸೇರಿಸಿದರೂ ಯಾದೃಚ್ಛಿಕ ಸಂಖ್ಯೆಗಳ ಹಂಚಿಕೆ ಬದಲಾಗಿ, ನೀವು ಹುಡುಕುತ್ತಿರುವ ಸ್ಯಾಂಪಲ್ಲೇ ಕಣ್ಮರೆಯಾಗಬಹುದು.

ಅನಲಾಗ್‌ನಿಂದ ಡಿಜಿಟಲ್‌ಗೆ ದಾಟುವ ಜಾಗದಲ್ಲಿ ಎಕ್ಸ್, ಅಂದರೆ 0 ಅಥವಾ 1 ಎಂದು ತೀರ್ಮಾನವಾಗದ ಮೌಲ್ಯ, ಹುಟ್ಟುತ್ತಿರಬಹುದು ಎಂಬುದು ನನ್ನ ಊಹೆ. ಇನ್‌ಪುಟ್ ಆಫ್‌ಸೆಟ್‌ಗೆ ತೀರ ಸಮೀಪವಿರುವ ಮೆಟ್ಟಿಲಿನಲ್ಲಿ ಲ್ಯಾಚ್ ಒಂದು ಬದಿಗೆ ವಾಲಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ಪ್ರಾಸೆಸ್ ನಿಧಾನದ ಕಡೆಗಿದ್ದರೆ ಕ್ಲಾಕ್ ಮುಗಿಯುವ ಹೊತ್ತಿಗೂ ವೋಲ್ಟೇಜ್ ಎರಡು ಥ್ರೆಶೋಲ್ಡ್‌ಗಳ ನಡುವೆಯೇ ಇರುತ್ತದೆ. ಆಗ ಅನಲಾಗ್ ವೋಲ್ಟೇಜನ್ನು ಡಿಜಿಟಲ್‌ಗೆ ಬದಲಿಸುವ ಕನೆಕ್ಟ್ ಮಾಡ್ಯೂಲ್ ಎಕ್ಸ್ ಕೊಡುತ್ತದೆ, ಅದು ನಿಮ್ಮ ಕೌಂಟರ್‌ಗೆ ಒಮ್ಮೆ ಹೊಕ್ಕರೆ ರೀಸೆಟ್ ಆಗುವ ತನಕ ಹೊರಗೆ ಹೋಗುವುದಿಲ್ಲ. ಥ್ರೆಶೋಲ್ಡ್‌ಗಳನ್ನು ಹತ್ತಿರ ತಂದು ಎಕ್ಸ್ ಅನ್ನು ಮರೆಮಾಡುವುದು ಬೇಡ, ಏಕೆಂದರೆ ಹೀಗೆ ನಡುವೆಯೇ ನಿಲ್ಲುವ ಮೆಟಾಸ್ಟೆಬಿಲಿಟಿ ಸರ್ಕ್ಯೂಟ್‌ನ ನಿಜವಾದ ಗುಣ. ಆಫ್‌ಸೆಟ್ ಅಳೆಯುವ ಟೆಸ್ಟ್‌ಬೆಂಚ್‌ನಲ್ಲಿ ಕ್ಲಾಕ್ ಅನ್ನು ನಿಧಾನಗೊಳಿಸಿ. ಆ ಸ್ಯಾಂಪಲ್‌ಗಳನ್ನು ವೇಗದ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ನೋಡಿ. ಥ್ರೆಶೋಲ್ಡ್‌ಗಳನ್ನು ನಿಗದಿತ ವೋಲ್ಟೇಜ್‌ನಲ್ಲಿ ಬರೆದಿದ್ದರೆ, ಸಪ್ಲೈ ಬದಲಿಸಿದಾಗ ಅವೂ ಬದಲಾಗುವಂತೆ ತಿದ್ದುವುದು ಒಳ್ಳೆಯದು.

ಉತ್ತರ 2, ಮತ್ತೆ

ಒಂದು ಮಾತು ಉಳಿದಿದೆ. 6.1 ಮತ್ತು 6.4ರ ನಡುವಿನ ವ್ಯತ್ಯಾಸವನ್ನು ಲ್ಯಾಚ್‌ನ ಪಾಲು ಎಂದು ವರದಿಯಲ್ಲಿ ಬರೆಯಬೇಡಿ. 200 ಸ್ಯಾಂಪಲ್‌ಗಳಿಂದ ಅಂದಾಜಿಸಿದ ಸಿಗ್ಮಾದಲ್ಲಿ ಶೇಕಡ 5ರಷ್ಟು ಪ್ರಮಾಣ ದೋಷ ಇದ್ದೇ ಇರುತ್ತದೆ, ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಎಂದು ಹೇಳಲು ಆಧಾರವಿಲ್ಲ. ಲ್ಯಾಚ್‌ನ ಪಾಲು ಬೇಕೆಂದರೆ ಇನ್‌ಪುಟ್ ಜೋಡಿಯ ಮಿಸ್‌ಮ್ಯಾಚ್ ಅನ್ನು ನಿಲ್ಲಿಸಿ ಪ್ರತ್ಯೇಕವಾಗಿ ಓಡಿಸಿ. ಹಾಗೆಯೇ ಯೀಲ್ಡ್ (ಸರಿಯಾಗಿ ಕೆಲಸ ಮಾಡುವ ಚಿಪ್‌ಗಳ ಪ್ರಮಾಣ) ಬಗ್ಗೆ: 200 ಸ್ಯಾಂಪಲ್‌ಗಳಲ್ಲಿ ಒಂದೂ ವಿಫಲವಾಗದಿದ್ದರೂ, ಶೇಕಡ 95ರ ವಿಶ್ವಾಸದಲ್ಲಿ ಹೇಳಬಹುದಾದದ್ದು ವೈಫಲ್ಯ ಶೇಕಡ 1.5ಕ್ಕಿಂತ ಕಡಿಮೆ ಎಂದಷ್ಟೇ. 3 ಸಿಗ್ಮಾ ಮಟ್ಟದ ಶೇಕಡ 0.27 ಎಂದು ನೇರ ಎಣಿಕೆಯಿಂದ ತೋರಿಸಲು ಒಂದೂ ವಿಫಲವಾಗದ 1100ಕ್ಕೂ ಹೆಚ್ಚು ಸ್ಯಾಂಪಲ್‌ಗಳು ಬೇಕು.