ಎರಡು ಫೈನಲ್ ಸೋತವನ ಫಾರ್ವರ್ಡ್

ಗುಂಪು: 97ರ ಹತ್ತನೇ ಕ್ಲಾಸ್, ಬಿ ಸೆಕ್ಷನ್

ಸೀನ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕಾಲು ಮುರಿದುಕೊಂಡ ಆಟಗಾರ ಕೋಚ್ ಆಗಿ ವಿಶ್ವಕಪ್ ಗೆದ್ದ ಕಥೆ! ಅರ್ಜೆಂಟೀನಾದ ಫುಟ್ಸಾಲ್ ವೀರ ಮಟಿಯಾಸ್ ಲುಕುಯಿಕ್ಸ್. ಸೋಲು ಅನ್ನುವ ಪದವೇ ಇವರಿಗೆ ಗೊತ್ತಿಲ್ಲ. ಓದಿ, ಮಕ್ಕಳಿಗೂ ಓದಿಸಿ 🙏

ಮಂಜುಳಾ: ಮಗನಿಗೆ ಕಳಿಸಿದೆ. ಪರೀಕ್ಷೆ ಹೊತ್ತಿಗೆ ಸರಿಯಾಗಿ ಬಂತು.

ಗಿರಿ: ಸೀನ, ಅರ್ಧ ಸುಳ್ಳು ಕಣೋ ಇದು. ಕಾಲು ಮುರಿದಿದ್ದು ನಿಜ, 2012ರಲ್ಲಿ ಥಾಯ್ಲೆಂಡ್ ವಿಶ್ವಕಪ್‌ನಲ್ಲಿ. ಆದರೆ ಮುಖ್ಯ ಕೋಚ್ ಆಗಿ ಅವನು ವಿಶ್ವಕಪ್ ಗೆದ್ದಿಲ್ಲ. ಎರಡು ಸಲ ಫೈನಲ್‌ಗೆ ಹೋದ, ಎರಡು ಸಲವೂ 2-1ರಲ್ಲಿ ಸೋತ. ಸೋಲು ಅನ್ನುವ ಪದ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಸೀನ: ಅಯ್ಯೋ ಮಾರಾಯ, ಒಳ್ಳೆ ಸಂದೇಶ ಇದೆ ಅಂತ ಹಾಕಿದೆ. ಬೆಳಗ್ಗೆ ಬೆಳಗ್ಗೆ ಪೋಸ್ಟ್‌ಮಾರ್ಟಮ್ ಯಾಕೆ?

ಗೌಡ: ಫುಟ್ಸಾಲ್ ಅಂದರೆ ನಾವು ಶುಕ್ರವಾರ ರಾತ್ರಿ ಟರ್ಫ್‌ನಲ್ಲಿ ಆಡುತ್ತೇವಲ್ಲ, ಅದೇ ತಾನೇ? ಅದಕ್ಕೂ ವಿಶ್ವಕಪ್ ಇದೆಯಾ 😂

ಗಿರಿ: ಅದಲ್ಲ ಗುರು. ನೀವು ಆಡುವುದು ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಬಲೆ ಕಟ್ಟಿ, ಸಿಕ್ಕಿದ ಚೆಂಡಿನಲ್ಲಿ. ಇದು ಗಟ್ಟಿ ನೆಲದ ಆಟ. ಕೋರ್ಟ್ 40 ಮೀಟರ್ ಉದ್ದ, 20 ಮೀಟರ್ ಅಗಲ. ಕಡೆಗೆ ಐದೈದು ಜನ. ಚೆಂಡು ನಾಲ್ಕನೇ ಸೈಜು, ಪುಟಿಯುವುದೇ ಕಡಿಮೆ, ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಗೆರೆಯಾಚೆ ಹೋದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಒಳಗೆ ಒದೆಯಬೇಕು, ತಡವಾದರೆ ಎದುರಾಳಿಗೆ ಹೋಯಿತು. ನೀನು ಶೂ ಲೇಸ್ ಕಟ್ಟುವಷ್ಟರಲ್ಲಿ ಎರಡು ಗೋಲು ಬಿದ್ದಿರುತ್ತವೆ.

ಗೌಡ: ನನ್ನ ಹೊಟ್ಟೆ ವಿಷಯ ಬೇಡ.

ರಫೀಕ್: ನಮ್ಮ ದೇಶಕ್ಕೂ ಬಂದಿತ್ತಲ್ಲ ಆ ಆಟ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ, ಬೆಂಗಳೂರು ಫೈವ್ಸ್ ತಂಡಕ್ಕೆ ಇಂಗ್ಲೆಂಡಿನ ಹಳೆ ಫುಟ್ಬಾಲ್ ಆಟಗಾರ ಪಾಲ್ ಸ್ಕೋಲ್ಸ್ ಬಂದಿದ್ದ, ಕೊಹ್ಲಿ ಜಾಹೀರಾತಿನಲ್ಲಿ ಇದ್ದ. ಗದ್ದಲ ಎಷ್ಟು ಜೋರಾಗಿತ್ತೋ ಅಷ್ಟೇ ಬೇಗ ಮರೆತೂ ಹೋಯಿತು.

ಸೀನ: ಸರಿ ಪಂಡಿತರೇ, ನಿಜ ಏನು ಹೇಳಿ. ಮಂಜುಳಾ ಮಗನಿಗೆ ಮತ್ತೆ ಕಳಿಸಬೇಕು.

ಗಿರಿ: ಲುಕುಯಿಕ್ಸ್ ಸ್ಪೇನ್‌ನ ಇಂಟರ್ ಮೊವಿಸ್ಟಾರ್ ಕ್ಲಬ್ಬಿಗೆ ಆಡುತ್ತಿದ್ದ. ದೊಡ್ಡ ಕ್ಲಬ್ಬು, ದೊಡ್ಡ ಆಟಗಾರ. 27ರ ಆಸುಪಾಸಿನಲ್ಲಿ ಥಾಯ್ಲೆಂಡಿನಲ್ಲಿ ಕಾಲು ಹೋಯಿತು, ಆಟವೂ ಹೋಯಿತು. ಆಮೇಲೆ ಡಿಯೆಗೊ ಜಿಯುಸ್ಟೊಜ್ಜಿ ಅರ್ಜೆಂಟೀನಾ ಕೋಚ್ ಆದಾಗ (ಅವನೂ ಹಳೆ ಆಟಗಾರನೇ) ಇವನು ಸಹಾಯಕನಾಗಿ ಸೇರಿಕೊಂಡ. 2016ರಲ್ಲಿ ಕೊಲಂಬಿಯಾದ ಕಾಲಿ ಊರಿನಲ್ಲಿ ಫೈನಲ್, ರಷ್ಯಾ ಮೇಲೆ 5-4. ಅಲ್ಲಿಯವರೆಗೆ ಫಿಫಾ ಫುಟ್ಸಾಲ್ ವಿಶ್ವಕಪ್ ಗೆದ್ದಿದ್ದು ಬ್ರೆಜಿಲ್, ಸ್ಪೇನ್ ಎರಡೇ ದೇಶ. ಹಾಗಾಗಿ ಕಪ್ಪು ಗೆದ್ದಾಗ ಇವನು ಬೆಂಚಿನಲ್ಲಿ ಇದ್ದದ್ದು ನಿಜ, ಆದರೆ ಮುಖ್ಯ ಕುರ್ಚಿ ಇವನದಲ್ಲ. ಜಿಯುಸ್ಟೊಜ್ಜಿ ಬಿಟ್ಟು ಹೋದ ಮೇಲೆ ಅದು ಇವನಿಗೆ ಬಂತು.

ಮಂಜುಳಾ: ಎಡಗಾಲೋ ಬಲಗಾಲೋ?

ಗಿರಿ: ಮಂಜು, ಅದು ಮುಖ್ಯನಾ ಈಗ?

ಸುಬ್ಬು: ಶುಭೋದಯ 🌹 ನಗುನಗುತ್ತಾ ಇರಿ

ಗೌಡ: ಗಿರಿ, ಬೇಜಾರು ಮಾಡ್ಕೋಬೇಡ. ಎರಡು ಫೈನಲ್ ಸೋತವನನ್ನು ಇನ್ನೂ ಯಾಕೆ ಇಟ್ಟುಕೊಂಡರು ಅಂತ ನನ್ನ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಎರಡು ಕ್ವಾರ್ಟರ್ ಟಾರ್ಗೆಟ್ ತಪ್ಪಿದರೆ ಲ್ಯಾಪ್‌ಟಾಪ್ ವಾಪಸ್ ಕೇಳುತ್ತಾರೆ.

ಗಿರಿ: ಸೋತದ್ದು ಹೇಗೆ ಅಂತ ನೋಡು ಮೊದಲು. 2021, ಲಿಥುವೇನಿಯಾ. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಅನ್ನೇ ಹೊರಗೆ ಹಾಕಿ ಬಂದಿದ್ದರು. ಫೈನಲ್ ಪೋರ್ಚುಗಲ್ ಜೊತೆ, ಈ ಆಟದ ದೊಡ್ಡ ಹೆಸರು ರಿಕಾರ್ಡಿನೊ ಇದ್ದ ತಂಡ. ಮೊದಲರ್ಧದಲ್ಲೇ ಅರ್ಜೆಂಟೀನಾದ ಬೊರುಟೊಗೆ ಕೆಂಪು ಕಾರ್ಡ್. ಫುಟ್ಸಾಲ್‌ನಲ್ಲಿ ಕೆಂಪು ಕಾರ್ಡ್ ಅಂದರೆ ಆ ಆಟಗಾರ ಪಂದ್ಯದಿಂದಲೇ ಹೊರಗೆ, ತಂಡ ಎರಡು ನಿಮಿಷ, ಇಲ್ಲವೇ ಗೋಲು ತಿನ್ನುವ ತನಕ, ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಆ ಎರಡು ನಿಮಿಷ ನೋಡಬೇಕು ನೀನು. ಗೋಲ್‌ಕೀಪರ್ ಮುಂದೆ ಬರೀ ಮೂವರು, ಎದುರಿಗೆ ನಾಲ್ವರು. ಈ ಮೂವರು ತ್ರಿಕೋನದ ಹಾಗೆ ನಿಂತು ಚೆಂಡು ಹೋದ ಕಡೆಗೆಲ್ಲ ಒಟ್ಟಿಗೆ ವಾಲುತ್ತಾರೆ, ಅವರು ಆ ಕಡೆ ಈ ಕಡೆ ತಟ್ಟುತ್ತಲೇ ಇರುತ್ತಾರೆ, ಯಾವನಾದರೂ ಒಬ್ಬ ಅರ್ಧ ಹೆಜ್ಜೆ ತಡ ಮಾಡಿದನೋ ಮುಗೀತು. ಬೊರುಟೊ ಹೋದ ಸ್ವಲ್ಪ ಹೊತ್ತಿಗೇ ಪೋರ್ಚುಗಲ್‌ನ ಪಾನಿ ವರೆಲಾ ಗೋಲು ಹೊಡೆದ. ಎರಡನೇದೂ ಅವನದೇ. ಅರ್ಜೆಂಟೀನಾದ ಕ್ಲಾಡಿನೊ ತಕ್ಷಣ ಒಂದು ವಾಪಸ್ ಕೊಟ್ಟ, ಸಾಕಾಗಲಿಲ್ಲ.

ಗಿರಿ: 2024ರಲ್ಲಿ ತಾಷ್ಕೆಂಟ್. ಮತ್ತೆ ಫೈನಲ್, ಈ ಸಲ ಬ್ರೆಜಿಲ್. ಮೊದಲರ್ಧದಲ್ಲಿ ಎರಡು ತಿಂದರು, ಕೊನೆಯಲ್ಲಿ ಒಂದು ಹೊಡೆದರು. ನಡುವೆ 2022ರ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ದೇಶಗಳ ಕಪ್ಪು) ಗೆದ್ದಿದ್ದಾರೆ, ಪರಾಗ್ವೆ ನೆಲದಲ್ಲಿ ಪರಾಗ್ವೆಯನ್ನೇ ಸೋಲಿಸಿ. ಇದನ್ನು ಫಾರ್ವರ್ಡ್ ಬರೆದ ಪುಣ್ಯಾತ್ಮ ಹಾಕಲೇ ಇಲ್ಲ! ಇಲ್ಲದ ಕಪ್ಪು ಕೊಟ್ಟ, ಇದ್ದ ಕಪ್ಪು ಕಿತ್ತುಕೊಂಡ.

ರಫೀಕ್: ಗೌಡ, ದ್ರಾವಿಡ್ ನೆನಪಿಲ್ಲವಾ? 2007ರಲ್ಲಿ ಕ್ಯಾಪ್ಟನ್, ವೆಸ್ಟ್ ಇಂಡೀಸ್‌ನಲ್ಲಿ ಮೊದಲ ಸುತ್ತಿಗೇ ಹೊರಗೆ. 2023ರಲ್ಲಿ ಕೋಚ್, ಅಹಮದಾಬಾದ್ ಫೈನಲ್ ಸೋಲು. ಅವತ್ತು ಇದೇ ಗುಂಪಿನಲ್ಲಿ ನೀನು ಏನು ಬರೆದಿದ್ದೆ ಅಂತ ಹುಡುಕಿ ಹಾಕಲಾ?

ಗೌಡ: ಬೇಡ.

ರಫೀಕ್: "ಜ್ಯಾಮಿಯನ್ನು ಮನೆಗೆ ಕಳಿಸಿ" ಅಂತ. ಏಳು ತಿಂಗಳಿಗೆ ಬಾರ್ಬಡೋಸ್‌ನಲ್ಲಿ ಟಿ20 ಕಪ್ಪು ಬಂದಾಗ "ನಮ್ಮ ಇಂದಿರಾನಗರದ ಹುಡುಗ" ಅಂತ ಸ್ಟೇಟಸ್ ಹಾಕಿದ್ದೂ ನೀನೇ.

ಗೌಡ: (ಈ ಮೆಸೇಜ್ ಅಳಿಸಲಾಗಿದೆ)

ಸೀನ: ನೋಡಿದಿರಾ! ದ್ರಾವಿಡ್‌ಗೆ ಕೊನೆಗೂ ಕಪ್ಪು ಬಂತು. ನಾನು ಹೇಳಿದ್ದೂ ಅದೇ, ಕಷ್ಟಪಟ್ಟರೆ ಬರುತ್ತದೆ.

ಗಿರಿ: ಇಲ್ಲೇ ನನಗೂ ನಿನಗೂ ಆಗಿಬರುವುದಿಲ್ಲ ಸೀನ. ಬರದೇ ಹೋಗಿದ್ದರೆ ದ್ರಾವಿಡ್ ಕೆಟ್ಟ ಕೋಚ್ ಆಗುತ್ತಿದ್ದನಾ? ಲುಕುಯಿಕ್ಸ್‌ಗೆ ಬರದೇ ಇರಬಹುದು, ಕೊನೆಯವರೆಗೂ. ಎರಡು ವಿಶ್ವಕಪ್‌ನಲ್ಲಿ ಸತತವಾಗಿ ಫೈನಲ್ ತನಕ ತಂಡವನ್ನು ಕರೆದುಕೊಂಡು ಹೋದದ್ದು ನಿನ್ನ ಫಾರ್ವರ್ಡ್‌ಗೆ ಸಾಲದು, ಅದಕ್ಕೇ ಸುಳ್ಳು ಕಪ್ಪು ಹಿಡಿಸಿದ್ದಾರೆ.

ಸೀನ: ನೀನು ಯಾಕೋ ಇಷ್ಟು ಉರಿದುಕೊಳ್ಳುತ್ತೀಯ? ನಿನ್ನ ಸೋದರಮಾವನಾ ಅವನು? ಆಡಲಾಗದವರು ಕೋಚ್ ಆಗುತ್ತಾರೆ, ಅಷ್ಟೇ ವಿಷಯ.

ಮಂಜುಳಾ: ಸೀನ, ಸುಮ್ನಿರೋ. ಗಿರಿ ಮಂಡಿ ವಿಷಯ ಗೊತ್ತಿಲ್ಲವಾ ನಿನಗೆ.

ಗಿರಿ: ಪರವಾಗಿಲ್ಲ ಮಂಜು, ಹೇಳುತ್ತೇನೆ. 2019ರಲ್ಲಿ ಒಂದು ಟರ್ಫ್‌ನಲ್ಲಿ, ಹೆಸರು ಬೇಡ, ಹುಲ್ಲಿನ ಎರಡು ಪಟ್ಟಿ ಸೇರುವ ಜಾಗದಲ್ಲಿ ಅಂಟು ಬಿಟ್ಟಿತ್ತು. ನನ್ನ ಶೂ ಅದರಡಿಗೆ ಸಿಕ್ಕಿಕೊಂಡಿತು, ನಾನು ತಿರುಗಿದೆ, ಮಂಡಿ ತಿರುಗಲಿಲ್ಲ. ಟಪ್ ಅಂತ ಸದ್ದು ನನಗೊಬ್ಬನಿಗೇ ಅಲ್ಲ, ಗೋಲ್‌ಕೀಪರ್‌ಗೂ ಕೇಳಿಸಿತಂತೆ. ಅಲ್ಲಿನ ಮಾಲೀಕ ಬಂದು ನೋಡಿದ್ದು ನನ್ನನ್ನಲ್ಲ, ಪಟ್ಟಿಯನ್ನು. ಆಪರೇಷನ್ ಆಯಿತು, ಎಂಟು ತಿಂಗಳು ಮೆಟ್ಟಿಲು ಕಂಡರೆ ಭಯ. ಈಗ ನಮ್ಮ ಅಪಾರ್ಟ್‌ಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಒಂಬತ್ತು ಮಕ್ಕಳಿಗೆ ಭಾನುವಾರ ಹೇಳಿಕೊಡುತ್ತೇನೆ. ಆಡುವಾಗ ನನಗೆ ಚೆಂಡು ಮಾತ್ರ ಕಾಣುತ್ತಿತ್ತು ಕಣೋ. ಈಗ ಗೆರೆಯಾಚೆ ನಿಂತರೆ ಚೆಂಡು ಇಲ್ಲದ ನಾಲ್ವರು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಆಡಲಾಗದವನು ಅಂತ ಬೇಕಾದರೆ ಅನ್ನು.

ಸೀನ: ಸಾರಿ ಕಣೋ. ಮಂಡಿ ಅಂತ ಗೊತ್ತಿತ್ತು, ಇಷ್ಟು ಗೊತ್ತಿರಲಿಲ್ಲ.

ರಫೀಕ್: ನಮ್ಮ ಪಿಟಿ ಮೇಷ್ಟ್ರು ನೆನಪಾದರು. ಜೀವನದಲ್ಲಿ ಫುಟ್ಬಾಲ್ ಮುಟ್ಟಿರಲಿಲ್ಲ, ಸೀಟಿ ಮಾತ್ರ ಬಿಡುತ್ತಿರಲಿಲ್ಲ.

ಗೌಡ: ಆದರೂ ತಾಲ್ಲೂಕು ಲೆವೆಲ್ ಗೆದ್ದೆವು.

ಗಿರಿ: ಸೆಕೆಂಡ್ ಬಂದೆವು ಗೌಡ.

ಗೌಡ: ಓ ಹೌದಾ? ನಾನು ಮಗಳಿಗೆ ಗೆದ್ದೆವು ಅಂತಲೇ ಹೇಳಿದ್ದೇನೆ.

ರಫೀಕ್: 😂😂 ಸೀನ, ಇದನ್ನೂ ಫಾರ್ವರ್ಡ್ ಮಾಡು.

ಮಂಜುಳಾ: ಗಿರಿ, ನನ್ನ ಮಗನನ್ನು ಭಾನುವಾರ ಕಳಿಸಲಾ? ಹತ್ತನೆಯವನಾಗುತ್ತಾನೆ, ಐದೈದು ಸರಿಹೋಗುತ್ತದೆ.

ಗಿರಿ: ಪರೀಕ್ಷೆ?

ಮಂಜುಳಾ: ಒಂದು ಗಂಟೆ ತಾನೇ.

ಗಿರಿ: ಆರೂವರೆಗೆ ಗೇಟಿನ ಹತ್ತಿರ. ಸ್ಟಡ್ ಇರುವ ಶೂ ಬೇಡ, ಅಡಿ ಚಪ್ಪಟೆ ಇರುವುದು ಹಾಕಿ ಕಳಿಸು. ಕಪ್ಪು ರಬ್ಬರ್ ಆದರೆ ಕೋರ್ಟಿಗೆ ಕಲೆ ಬೀಳುತ್ತದೆ ಅಂತ ಅಸೋಸಿಯೇಷನ್‌ನವರು ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ.

ಸೀನ: ನಾನೂ ಬರಲಾ, ನೋಡಲು?

ಗಿರಿ: ಬಾ. ಫೋನ್ ಮನೆಯಲ್ಲಿಟ್ಟು ಬಾ.